ಹವಳದ ತೊಟ್ಟಿಯೂ ಅಮ್ಮನ ಹಲ್ಲುಸೆಟ್ಟೂ

ಅವನು ಹಲ್ಲು ಮಾಡುವವನು. ವೈದ್ಯನಲ್ಲ, ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದರಲ್ಲಿ ಪ್ಲಾಸ್ಟರ್ ಹೊಯ್ದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಕಟ್ಟಿ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದ. ಅಲ್ಲಿ ಎಲ್ಲರೂ ಅವನನ್ನು ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಮಾಡಿದ್ದನ್ನು ಕರಗಿಸಿ ಮತ್ತೆ ಶುರುಮಾಡುವ ಆಸಾಮಿ. "ಇವನಿಗೆ ಹೆಣ್ಣು ಸಿಗದೇ ಇದ್ದದ್ದೂ ಅದಕ್ಕೇ. ಅಳತೆಪಟ್ಟಿ ಹಿಡಿದುಕೊಂಡು ಹೆಣ್ಣು ನೋಡೋಕೆ ಹೋಗಿದ್ದ" ಎಂದು ಮಾಲೀಕ ನಗುತ್ತಿದ್ದ. ಅವನೂ ಜೊತೆಗೆ ನಗುತ್ತಿದ್ದ. ವಯಸ್ಸು ನಲವತ್ತೆರಡು. ಮನೆಯಲ್ಲಿ ಅವನು ಮತ್ತು ಅಮ್ಮ, ಇಬ್ಬರೇ.

ಅಮ್ಮ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿದವಳು. ಉಳಿದಿದ್ದ ಒಂಬತ್ತು ಹಲ್ಲೂ ಅಲುಗಾಡತೊಡಗಿದಾಗ ಎಲ್ಲವನ್ನೂ ಕೀಳಿಸಬೇಕಾಯಿತು. ವಸಡಿನ ಗಾಯ ಮಾಯ್ದ ಮೇಲೆ ಪರಿಚಯದ ದಂತವೈದ್ಯರು ಅಚ್ಚು ತೆಗೆದುಕೊಟ್ಟರು. ಬೇರೆಯವರ ಸೆಟ್ಟಿಗೆ ಮೂರು ದಿನ ಹಿಡಿದರೆ ಅಮ್ಮನದಕ್ಕೆ ಅವನು ಹನ್ನೊಂದು ದಿನ ಕೂತ. ಅವಳ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಏರಿದ್ದುದನ್ನೂ ಹಾಗೆಯೇ ತಂದ. ಹಾಕಿಕೊಂಡ ದಿನ ಅಮ್ಮ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

"ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನನಗೀಗ ಎರಡೂ ಇದೆ ನೋಡು" ಎಂದಳು.

ವಾರ ಕಳೆದ ಮೇಲೆ ಕೆಳಗಿನದು ಎಡಗಡೆ ಒತ್ತುತ್ತದೆ ಎಂದಳು. ಅವನು ಆ ಜಾಗವನ್ನು ಉಜ್ಜಿ ಸರಿಮಾಡಿಕೊಟ್ಟ. ಆಮೇಲೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಹೊಸ ಚಪ್ಪಲಿ ಕಚ್ಚಲ್ವೇನೋ, ಹಾಗೆ. ಈಗ ಸರಿಹೋಗಿದೆ."

ಅದೇ ದಂತವೈದ್ಯರು ಕ್ಲಿನಿಕ್ಕು ಮುಚ್ಚಿ ನಿವೃತ್ತರಾಗುವಾಗ, ಕಾಯುವ ಕೋಣೆಯಲ್ಲಿ ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿಯನ್ನು ಅವನಿಗೆ ಕೊಟ್ಟರು. ನೂರೈವತ್ತು ಲೀಟರಿನದು. ಹಿಂಬದಿಯಲ್ಲಿ ಕಪ್ಪು ಗಾಜಿನ ಅಡ್ಡಗೋಡೆ. ಅದರ ಹಿಂದೆ ಪಂಪು ಮತ್ತು ನೀರು ಸೋಸುವ ಬಟ್ಟೆಚೀಲ ಇಡುವುದಕ್ಕೆ ಕಿರಿದಾದ ಜಾಗ. ಅವನು ಅದನ್ನು ಊಟದ ಮೇಜಿನ ಪಕ್ಕದ ಗೋಡೆಗೆ ತಾಗಿಸಿ ಇಟ್ಟು, ಮೀನಿನಂಗಡಿಗೆ ಹೋಗಿ, ಸಮುದ್ರದ ಹವಳ ಸಾಕಬೇಕು ಎಂದ.

ಅಂಗಡಿಯಾಕೆ ಐವತ್ತು ದಾಟಿದ ಹೆಂಗಸು. ಮೊಣಕೈವರೆಗೆ ಉಪ್ಪು ಒಣಗಿ ಬೆಳ್ಳಗಾದ ಕೈಗಳು. "ಮೊದಲ ಸಲಾನಾ? ಹಾಗಾದ್ರೆ ಮೀನು ಸಾಕ್ತೀನಿ ಅನ್ಕೋಬೇಡಿ. ನೀರು ಸಾಕ್ತೀನಿ ಅನ್ಕೊಳ್ಳಿ" ಎಂದಳು. ಆಮೇಲೆ ಪಾಠ ಹೇಳಿದಳು. ಮೀನು ತಿಂದು ಉಳಿದದ್ದು, ಮೀನಿನ ಹೇಲು, ಎಲ್ಲ ನೀರಿನಲ್ಲಿ ಕೊಳೆತು ಕೊನೆಗೆ ನೈಟ್ರೇಟ್ ಆಗುತ್ತದೆ, ಫಾಸ್ಫೇಟ್ ಆಗುತ್ತದೆ. ಹೆಚ್ಚಾದರೆ ಪಾಚಿ ಹಬ್ಬಿ ಹವಳದ ಉಸಿರು ಕಟ್ಟುತ್ತದೆ. ಪರೀಕ್ಷೆ ಮಾಡುವ ಡಬ್ಬಿ ಕೊಟ್ಟು, ಗಾಜಿನ ಕೊಳವೆಯ ನೀರಿಗೆ ಎಷ್ಟು ಹನಿ ಬಿಡಬೇಕು, ಬಣ್ಣವನ್ನು ಕಾರ್ಡಿಗೆ ಹೇಗೆ ಹೋಲಿಸಬೇಕು ಎಂದು ತೋರಿಸಿದಳು. ನೈಟ್ರೇಟ್ ಇದ್ದರೆ ನೀರು ಗುಲಾಬಿಗೆ ತಿರುಗುತ್ತದೆ, ಫಾಸ್ಫೇಟ್ ಇದ್ದರೆ ನೀಲಿಗೆ.

ಇಂಥ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು. ಮರಳಿನಲ್ಲಿ ಒಂದು ಕಸ ನಿಲ್ಲಗೊಡಲಿಲ್ಲ, ಮೀನಿಗೆ ಎಣಿಸಿ ಕಾಳು ಹಾಕಿದ. ಎರಡು ತಿಂಗಳಾದರೂ ಕೊಳವೆಯ ನೀರು ಬಣ್ಣ ತಿರುಗಲಿಲ್ಲ. ಎರಡೂ ಸೊನ್ನೆ. ಹೆಮ್ಮೆಯಿಂದ ಹೋಗಿ ಹೇಳಿದರೆ ಅಂಗಡಿಯಾಕೆ ಹಣೆ ಚಚ್ಚಿಕೊಂಡಳು.

"ಹವಳ ಬಿಳುಚಿಕೊಂಡಿದೆಯಾ?"

"ಸ್ವಲ್ಪ."

"ಉಪವಾಸ ಕೆಡವಿದ್ದೀರಿ ಅದನ್ನ. ಸೊನ್ನೆ ಅಂದ್ರೆ ಚೊಕ್ಕ ಅಲ್ಲ, ಬರಗಾಲ. ಅತಿಯಾದ್ರೆ ಅಮೃತಾನೂ ವಿಷ ಅಂತಾರಲ್ಲ, ಇದು ಅದರ ಇನ್ನೊಂದು ಮುಖ. ನೈಟ್ರೇಟ್ ಐದರಿಂದ ಹತ್ತರ ಒಳಗಿರ್ಲಿ, ಫಾಸ್ಫೇಟ್ ಸೊನ್ನೆ ಪಾಯಿಂಟ್ ಒಂದನ್ನ ದಾಟದೆ ಇರ್ಲಿ. ಮೀನಿಗೆ ಇನ್ನೊಂದು ಚಿಟಿಕೆ ಹಾಕಿ. ನಿಧಾನಕ್ಕೆ ಮಾಡಿ, ಯಾವುದನ್ನೂ ಧಡಕ್ಕಂತ ಮಾಡ್ಬೇಡಿ."

ಅವನು ಚಿಟಿಕೆ ಹೆಚ್ಚಿಸಿದ. ಮೂರು ವಾರದಲ್ಲಿ ಅಂಕಿಗಳು ಹೇಳಿದ ಜಾಗಕ್ಕೆ ಬಂದು ಕೂತವು. ಅಂಗಿಯ ಗುಂಡಿಯಷ್ಟೇ ಅಗಲದ ಹಸಿರು ಹವಳಗಳು ಅರಳಿದವು. ಬೆರಳಿನಂತಹ ಮೆತ್ತನೆಯ ಇನ್ನೊಂದು, ನೀರಿನ ಸೆಳೆತಕ್ಕೆ ತೊನೆಯತೊಡಗಿತು. ಕಿತ್ತಳೆ ಬಣ್ಣದ ಎರಡು ಮೀನು ಅದರ ಬುಡದಲ್ಲಿ ಮನೆ ಮಾಡಿಕೊಂಡವು. ಅಮ್ಮ ಮಧ್ಯಾಹ್ನವೆಲ್ಲ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಟೀವಿಗಿಂತ ಇದೇ ವಾಸಿ, ಇವು ಬಾಯಿ ಬಡಿದರೂ ಸದ್ದು ಬರಲ್ಲ ಎನ್ನುತ್ತಿದ್ದಳು.

ಆಮೇಲೆ ಅಂಕಿ ಏರಲು ಶುರುವಾಯಿತು.

ನೈಟ್ರೇಟ್ ಹದಿನೈದಾಯಿತು, ಮುಂದಿನ ವಾರ ಇಪ್ಪತ್ತೈದು. ಅವನು ಮೀನಿನ ಕಾಳು ಅರ್ಧಕ್ಕೆ ಇಳಿಸಿದ. ಅಂಕಿ ನಲವತ್ತಕ್ಕೆ ಹೋಯಿತು. ವಾರಕ್ಕೆ ಒಂದು ಬಕೆಟ್ ನೀರು ಬದಲಿಸುತ್ತಿದ್ದವನು ಮೂರು ಬಕೆಟ್ ಬದಲಿಸಿದ. ಸೋಸುವ ಚೀಲ ತೊಳೆಯುವಾಗ ಕಂದು ಬಣ್ಣದ ಲೋಳೆ ಕೈತುಂಬ ಬರುತ್ತಿತ್ತು. ಮೀನಿನ ಹೇಲಿರಬೇಕು ಎಂದುಕೊಂಡ. ಎರಡು ಬೆರಳುದ್ದದ ಎರಡು ಮೀನು ಇಷ್ಟು ಹೇತಾವೇ ಎಂದು ಯೋಚಿಸಲಿಲ್ಲ. ಬಂಡೆಗಳ ಮೇಲೆ ಹಸಿರು ಕೂದಲಿನಂತಹ ಪಾಚಿ ಬಂತು. ಸಾಯಂಕಾಲ ಕೆಲಸದಿಂದ ಬಂದವನೇ ಬೂಟು ಬಿಚ್ಚುವ ಮೊದಲೇ ಕೊಳವೆ ಹಿಡಿಯುತ್ತಿದ್ದ. ಹನಿ ಎಣಿಸುತ್ತಲೇ ಒಳಗೆ ಕೂಗಿ ಕೇಳುತ್ತಿದ್ದ: "ಅಮ್ಮಾ, ಊಟ ಆಯ್ತಾ?"

"ಆಯ್ತು. ಐದು ಗಂಟೆಗೇ ಆಯ್ತು. ಬೇಗ ಉಂಡ್ರೆ ಅರಗುತ್ತೆ."

ಬೆಳಿಗ್ಗೆ ಅವನೇ ಬೇಯಿಸಿ ಮುಚ್ಚಿಟ್ಟು ಹೋದ ತಟ್ಟೆ ಖಾಲಿಯಾಗಿ, ತೊಳೆದು ಬೋರಲು ಹಾಕಿರುತ್ತಿತ್ತು. ಅಷ್ಟು ಸಾಕಿತ್ತು ಅವನಿಗೆ. ಊಟ ಆಯ್ತು ಎನ್ನುವ ಮಾತನ್ನು ಯಾರು ತಾನೇ ಪರೀಕ್ಷೆ ಮಾಡುತ್ತಾರೆ?

ಫಾಸ್ಫೇಟ್ ಸೊನ್ನೆ ಪಾಯಿಂಟ್ ಆರು ಮುಟ್ಟಿದ ದಿನ ಅವನಿಗೆ ತಾಳ್ಮೆ ತಪ್ಪಿತು. ಅದನ್ನು ಹೀರಿಕೊಳ್ಳುವ ಕೆಂಪು ಹರಳು ಅಂಗಡಿಯಲ್ಲಿ ಸಿಗುತ್ತದೆ; ಎರಡು ಚಮಚ ಹಾಕಿ ಎಂದು ಅಂಗಡಿಯಾಕೆ ಹೇಳಿದ್ದಳು. ಅವನು ಡಬ್ಬಿಯನ್ನೇ ಸುರಿದ. ಎರಡು ದಿನದಲ್ಲಿ ಅಂಕಿ ಪಾತಾಳಕ್ಕಿಳಿಯಿತು. ಮೂರನೆಯ ದಿನ ಬೆರಳಿನ ಹವಳ ಮುದುಡಿ ನೆಲಕ್ಕೊರಗಿತು, ಗಟ್ಟಿ ಹವಳವೊಂದರ ಮಾಂಸ ಚರ್ಮ ಸುಲಿದಂತೆ ಸುಲಿದು ಬಿಳಿ ಎಲುಬು ಕಾಣಿಸಿತು. ವಾರ ಕಳೆಯುವಷ್ಟರಲ್ಲಿ ಅಂಕಿ ಮತ್ತೆ ಏರಿತ್ತು. ಹವಳ ಮಾತ್ರ ಏಳಲಿಲ್ಲ.

ಅಕ್ಕ ಸಿಟಿ ಬಸ್ಸು ಓಡಿಸುವವಳು. ರಜೆ ಸಿಕ್ಕಾಗ, ತಿಂಗಳಿಗೊಮ್ಮೆ, ಬರುತ್ತಿದ್ದಳು. ಆ ಸಲ ಬಂದಾಗ ಅವನು ತಾನು ಬರೆದಿಟ್ಟ ಅಂಕಿಗಳ ಪುಸ್ತಕ ತೆರೆದು, ಯಾವ ವಾರ ಎಷ್ಟು ಏರಿತು ಎಂದು ವಿವರಿಸಿದ. ಅಕ್ಕ ಕೇಳಿಸಿಕೊಂಡಂತೆ ಮಾಡಿ, ದನಿ ತಗ್ಗಿಸಿದಳು.

"ಅಮ್ಮ ಸೊರಗಿಲ್ವೇನೋ?"

"ವಯಸ್ಸಾಯ್ತಲ್ಲ ಅಕ್ಕ. ಹಲ್ಲು ಕಿತ್ತ ಮೇಲೆ ಕೆನ್ನೆ ಒಳಗೆ ಹೋಗುತ್ತೆ. ದಿನಾ ನೋಡ್ತೀನಲ್ಲ, ಎಲ್ಲರಿಗೂ ಹಾಗೇ."

"ಊಟ ಮಾಡ್ತಾಳಾ ಸರಿಯಾಗಿ?"

"ಒಂದು ಅಗುಳು ಬಿಡಲ್ಲ."

ಅಕ್ಕ ಮತ್ತೆ ಕೇಳಲಿಲ್ಲ. ಅಮ್ಮ ಆಗಲೇ ಒಂದರ ಮೇಲೊಂದು ಎರಡು ಸ್ವೆಟರು ತೊಡುತ್ತಿದ್ದಳು.

ಇನ್ನೂ ಹದಿನೈದು ದಿನ ಹೀಗೇ ಹೋಯಿತು. ಅವನು ಅಂಗಡಿಯಾಕೆಯ ಮುಂದೆ ಪುಸ್ತಕ ಹಿಡಿದು, ನೀರಿಗೆ ಬೆರೆಸಲು ಕೊಟ್ಟ ನಿಮ್ಮ ಉಪ್ಪೇ ಸರಿಯಿಲ್ಲ ಎಂದು ಜಗಳಕ್ಕೆ ನಿಂತ. ಆಕೆ ಸಿಟ್ಟಾಗಲಿಲ್ಲ. ಪುಟ ತಿರುವಿ ನೋಡಿದಳು.

"ನೀವು ಹಾಕೋದು ಇಷ್ಟೇನಾ?"

"ಇಷ್ಟೇ. ಎಣಿಸಿ ಹಾಕ್ತೀನಿ."

"ಹಾಗಾದ್ರೆ ಇನ್ಯಾರೋ ಹಾಕ್ತಿದಾರೆ. ನೀರು ಸುಳ್ಳು ಹೇಳಲ್ಲ."

"ಮನೇಲಿ ನಾನು, ನಮ್ಮಮ್ಮ ಇಬ್ಬರೇ ಇರೋದು."

ಅಂಗಡಿಯಾಕೆ ಪುಸ್ತಕ ಮುಚ್ಚಿ ಅವನ ಕೈಗಿಟ್ಟಳು. ಅವನು ಹೊರಟುಬಂದ. ಅಮ್ಮ ಮುದ್ದಿಗೆ ಎರಡು ಕಾಳು ಹೆಚ್ಚು ಹಾಕುತ್ತಿರಬಹುದು, ಕಾಳಿನ ಡಬ್ಬಿ ಎತ್ತಿಟ್ಟರಾಯಿತು ಎಂದುಕೊಂಡ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಂಕಿ ಇಳಿಯಲಿಲ್ಲ.

ಒಂದು ಮಂಗಳವಾರ ಲ್ಯಾಬಿನ ಕಂಪ್ರೆಸರ್ ಕೆಟ್ಟು, ಮಧ್ಯಾಹ್ನವೇ ಎಲ್ಲರನ್ನೂ ಮನೆಗೆ ಕಳಿಸಿದರು. ಅವನು ಎರಡೂವರೆಗೆ ಮನೆ ತಲುಪಿದಾಗ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಐದು ಗಂಟೆಯ ಊಟದ ತಟ್ಟೆ ಆಗಲೇ ತೊಳೆದಾಗಿತ್ತು, ಇನ್ನೂ ಒದ್ದೆಯಿತ್ತು. ಬಂದವನು ಅಭ್ಯಾಸಬಲದಿಂದ ತೊಟ್ಟಿಯ ಹಿಂದಿನ ಮುಚ್ಚಳ ತೆಗೆದು ಸೋಸುವ ಚೀಲವನ್ನು ಎತ್ತಿದ. ಚೀಲದ ತಳದಲ್ಲಿ ಲೋಳೆ ಇರಲಿಲ್ಲ. ಒಂದಿಷ್ಟು ಮಾಂಸದ ಎಳೆಗಳು, ಬ್ರೆಡ್ಡಿನ ಅಂಚು, ಬೆಂದ ಮೊಟ್ಟೆಯ ಬಿಳಿ, ಒಂದು ಸೇಬಿನ ಹೋಳು. ಬೆಳಿಗ್ಗೆ ಅವನೇ ಹೆಚ್ಚಿಟ್ಟುಹೋದ ಹೋಳು.

ಸೇಬಿನ ಮೇಲೆ ಹಲ್ಲಿನ ಗುರುತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಏರಿದ ಆ ಒಂದು ಹಲ್ಲು ಮೇಲುಗಡೆ ಸ್ಪಷ್ಟವಾಗಿ ಮೂಡಿತ್ತು. ಬಲಗಡೆ ಮೇಲೆ ಕೆಳಗೆ ಎರಡೂ ಊರಿದ್ದವು. ಎಡಗಡೆ ಸಿಪ್ಪೆಯ ಮೇಲೆ ಗೀರು ಕೂಡ ಇರಲಿಲ್ಲ. ಹದಿನೆಂಟು ವರ್ಷ ಕಚ್ಚಿದ ಗುರುತು ಓದಿಯೇ ಅನ್ನ ತಿಂದವನು ಅವನು. ಒಂದು ಗಳಿಗೆ ಸಾಕಾಯಿತು. ಈ ಬಾಯಿ ಎಡಕ್ಕೆ ಕಚ್ಚುತ್ತಿಲ್ಲ. ಕಚ್ಚಲು ಹೆದರುತ್ತಿದೆ.

"ಅಮ್ಮ, ಇದೇನು?"

ಅವಳು ಕಣ್ಣು ಬಿಟ್ಟು ಅವನ ಅಂಗೈ ನೋಡಿದಳು. "ಮೀನಿಗೆ ಹಾಕಿದ್ದು."

"ಮೀನು ಸೇಬು ತಿನ್ನುತ್ತಾ?"

"ನನಗೇನು ಗೊತ್ತು. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ಕಸದ ಬುಟ್ಟಿ ದಿನಾ ನೀನೇ ತಗೊಂಡು ಹೋಗ್ತೀಯ ಬೇರೆ."

"ಎಷ್ಟು ದಿನದಿಂದ ಹೀಗೆ?"

"ಸಾರು, ಹಾಲು ಎಲ್ಲ ಕುಡೀತೀನಪ್ಪ. ಅಗಿಯೋದು ಮಾತ್ರ ಆಗಲ್ಲ."

"ಎಷ್ಟು ದಿನದಿಂದ ಅಂತ ಕೇಳ್ದೆ."

ಅಮ್ಮ ಹೆಗಲನ್ನು ಸ್ವೆಟರಿನೊಳಗೆ ಕುಗ್ಗಿಸಿಕೊಂಡಳು. "ನೀನು ಸರಿ ಮಾಡಿಕೊಟ್ಯಲ್ಲ, ಆಮೇಲೂ ಒತ್ತುತ್ತಾನೇ ಇತ್ತು. ಹನ್ನೊಂದು ದಿನ ಕೂತು ಮಾಡಿದ್ದೆ ನೀನು. ಮತ್ತೆ ಮತ್ತೆ ಏನಂತ ಹೇಳ್ಲಿ? ಚೆನ್ನಾಗಿಲ್ಲ ಅಂತಲಾ?"

"ಬಾಯಿ ತೆಗಿ."

"ಸುಮ್ನಿರೋ."

"ಅಮ್ಮ, ಬಾಯಿ ತೆಗಿ."

ಕೆಳಗಿನ ಸೆಟ್ಟನ್ನು ಅವನೇ ಮೆಲ್ಲಗೆ ಬಿಡಿಸಿದ. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಮೊದಲು ವಾಸನೆ ಬಂತು. ಮೊಬೈಲಿನ ಬೆಳಕು ಹಾಕಿ ನೋಡಿದರೆ ಎಡಗಡೆಯ ವಸಡಿನಿಂದ ನಾಲಿಗೆಯ ಬುಡದ ಕಡೆಗೆ ಅಂಗಿಯ ಗುಂಡಿಗಿಂತ ಅಗಲದ ಹುಣ್ಣು. ಅಂಚು ದಪ್ಪಗೆ ಎದ್ದು ಹೊರಳಿಕೊಂಡಿತ್ತು. ಒತ್ತಿದ ಗಾಯ ಹಾಗಿರುವುದಿಲ್ಲ ಎಂದು ತಿಳಿಯಲು ವೈದ್ಯನೇ ಆಗಬೇಕಿರಲಿಲ್ಲ. ಅವಳ ಸ್ವೆಟರು ತೆಗೆಸಿ ಎಲುಬಿಗಂಟಿದ ತೋಳು ನೋಡಿದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದ.

ಅಕ್ಕ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಸಮವಸ್ತ್ರದಲ್ಲೇ ಬಂದಳು. ದೊಡ್ಡಾಸ್ಪತ್ರೆಯ ವೈದ್ಯೆ ಕೈಗವಸು ತೊಟ್ಟು, ಕತ್ತಿನ ಗಂಟುಗಳನ್ನೂ ಮುಟ್ಟಿ ನೋಡಿದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಅಕ್ಕತಮ್ಮಂದಿರನ್ನು ಒಳಗೆ ಕರೆದು, ಕ್ಯಾನ್ಸರ್ ಎಂದರು. ದವಡೆಯ ಎಲುಬಿಗೆ ಇಳಿದಿದೆ, ಕತ್ತಿಗೂ ಹೋಗಿದೆ.

"ಬಾಯಿಹುಣ್ಣು ಎರಡು ವಾರದಲ್ಲಿ ಮಾಯದೆ ಇದ್ರೆ ತೋರಿಸ್ಬೇಕು. ಇದು ಆರೇಳು ತಿಂಗಳಿನದು" ಎಂದರು ವೈದ್ಯೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಮರುದಿನ ಅವನು ಲ್ಯಾಬಿಗೆ ಹೋಗಿ ಅಮ್ಮನ ಬಾಯಿಯ ಪ್ಲಾಸ್ಟರ್ ಅಚ್ಚನ್ನು ಕಪಾಟಿನಿಂದ ತೆಗೆದ. ಕೆಳದವಡೆಯ ಎಡಕ್ಕೆ, ಒಳಮಗ್ಗುಲಿಗೆ, ಚಾಕುವಿನಿಂದ ಹೆರೆದು ನಯ ಮಾಡಿದ ಒಂದು ಜಾಗವಿತ್ತು. ಅಚ್ಚು ತೆಗೆಯುವಾಗ ಗಾಳಿಗುಳ್ಳೆ ಕೂತರೆ ಪ್ಲಾಸ್ಟರಿನಲ್ಲಿ ಅದು ಸಣ್ಣ ಗಂಟಾಗಿ ಬರುತ್ತದೆ. ದಿನಕ್ಕೆ ಹತ್ತು ಅಚ್ಚಿನಲ್ಲಿ ಬರುತ್ತದೆ, ಹತ್ತನ್ನೂ ಹೆರೆಯುತ್ತಾರೆ. ಅಮ್ಮನದರಲ್ಲೂ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗಂಟಿತ್ತು; ಅದನ್ನು ಹೆರೆದದ್ದು ಅವನಿಗೆ ನೆನಪಿತ್ತು. ಹೆರೆದ ಮೇಲೆ ಬೆರಳಾಡಿಸಿ ನೋಡಿದ್ದೂ ನೆನಪಿತ್ತು.

ಅಚ್ಚನ್ನು ವೈದ್ಯೆಗೆ ತೋರಿಸಿ ಕೇಳಿದ. ಅವರು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. "ಗಾಳಿಗುಳ್ಳೆಯೂ ಇರಬಹುದು, ಬಾಯೊಳಗಿನ ಗಂಟೂ ಇರಬಹುದು. ಹೆರೆದ ಮೇಲೆ ಹೇಳೋಕೆ ಏನಿದೆ ಇದರಲ್ಲಿ?"

ಶಸ್ತ್ರಚಿಕಿತ್ಸೆ ಒಂಬತ್ತು ಗಂಟೆ ನಡೆಯಿತು. ಎಡಗಡೆಯ ಅರ್ಧ ದವಡೆ, ನಾಲಿಗೆಯ ಒಂದು ಭಾಗ ಹೋಯಿತು. ಅಮ್ಮ ಮನೆಗೆ ಬಂದಾಗ ಮುಖ ಒಂದು ಪಕ್ಕಕ್ಕೆ ಕುಸಿದಿತ್ತು, ಮೂಗಿನಲ್ಲಿ ಕೊಳವೆಯಿತ್ತು. ಮೂರು ಗಂಟೆಗೊಮ್ಮೆ ಇನ್ನೂರು ಮಿಲಿ ಆಹಾರವನ್ನು ಸಿರಿಂಜಿನಿಂದ ಕೊಳವೆಗೆ ಬಿಡಬೇಕು; ಬಿಸಿ ಇರಬಾರದು, ಬೇಗ ಬಿಡಬಾರದು. ಲ್ಯಾಬಿಗೆ ರಜೆ ಹಾಕಿ ಅವನೇ ಬಿಟ್ಟ. ಅಕ್ಕ ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬಂದು ಅಮ್ಮನ ಮೈ ಒರೆಸುತ್ತಿದ್ದಳು. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಒಂದು ದಿನ ಮಾತ್ರ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅಕ್ಕ, "ನಾನು ಅವತ್ತೇ ಕೇಳಿದ್ದೆ" ಎಂದಳು. ಅವನು ತಲೆಯಾಡಿಸಿದ. ಅಷ್ಟೇ. ಮಾರನೆಯ ದಿನ ಅವಳು ಅವನಿಗೂ ಊಟ ಕಟ್ಟಿಕೊಂಡು ಬಂದಳು.

ತೊಟ್ಟಿಯ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅವನು ಮೀನಿಗೆ ಎರಡು ಚಿಟಿಕೆ ಹಾಕಿ, ಭಾನುವಾರ ಒಂದು ಬಕೆಟ್ ನೀರು ಬದಲಿಸಿ ಸುಮ್ಮನಾಗುತ್ತಿದ್ದ. ಎರಡು ತಿಂಗಳಿಗೆ ಪಾಚಿ ತೆಳ್ಳಗಾಯಿತು. ಸತ್ತ ಗಟ್ಟಿ ಹವಳದ ಪಕ್ಕದಲ್ಲಿ ಹಸಿರು ಗುಂಡಿಗಳು ಒಂದೆರಡಾಗಿ ಮತ್ತೆ ಬಿಚ್ಚಿದವು. ಅಮ್ಮನ ಕೈಯಲ್ಲಿ ಬರೆಯುವ ಹಲಗೆಯಿತ್ತು. ಮಾತು ಹೋದ ಮೇಲೆ ಅದೇ ಬಾಯಿ. ಒಂದು ಮಧ್ಯಾಹ್ನ ಅದರ ಮೇಲೆ, 'ನೀರು ತಿಳಿಯಾಗಿದೆ. ಎಷ್ಟಿದೆ ಈಗ?' ಎಂದು ಬರೆದಳು. ಅವಳಿಗಾಗಿ ಪರೀಕ್ಷೆ ಮಾಡಿದ. ನೈಟ್ರೇಟ್ ಎಂಟು. ಫಾಸ್ಫೇಟ್ ಸೊನ್ನೆ ಪಾಯಿಂಟ್ ಸೊನ್ನೆ ಎಂಟು. ತಿಂಗಳುಗಟ್ಟಲೆ ಬೆನ್ನುಹತ್ತಿದ್ದ ಅಂಕಿ. ಅವನು ಅಲ್ಲೇ ನೆಲದ ಮೇಲೆ ಕೂತು, ಪ್ಲಾಸ್ಟರಿನ ಗಂಟಿನ ವಿಷಯ ಅಮ್ಮನಿಗೆ ಹೇಳಿದ. ಹೇಳಬಾರದೆಂದು ಅಕ್ಕ ತಾಕೀತು ಮಾಡಿದ್ದಳು.

ಅಮ್ಮ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಬರೆದಳು: 'ನೀನು ಹೆರೆದದ್ದು ಪ್ಲಾಸ್ಟರು.' ಅದನ್ನು ಒರೆಸಿ, ಇನ್ನೊಂದು ಸಾಲು: 'ನನ್ನ ಬಾಯಿ ನನಗೆ ಗೊತ್ತಿತ್ತು.' ಅದನ್ನೂ ಅವಳೇ ಒರೆಸಿದಳು. ಅವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಆಹಾರದ ಹೊತ್ತಾಗಿತ್ತು, ಎದ್ದು ಸಿರಿಂಜು ತೊಳೆದ.

ಶಸ್ತ್ರಚಿಕಿತ್ಸೆಯಾದ ಐದನೆಯ ತಿಂಗಳಲ್ಲಿ ಗಂಟು ಕತ್ತಿನ ಇನ್ನೊಂದು ಪಕ್ಕ ಕಾಣಿಸಿತು. ವೈದ್ಯೆ ಈ ಸಲ ಚಿಕಿತ್ಸೆಯ ಮಾತು ಎತ್ತದೆ ನೋವಿನ ಔಷಧಿ ಬರೆದರು. ಅಮ್ಮ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಒಂದು ಗುರುವಾರ ಹನ್ನೊಂದೂವರೆಗೆ ಹೋದಳು. ಅವನು ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದ. ಅಕ್ಕ ಅಮ್ಮನ ಜೊತೆಗಿದ್ದಳು.

ಮೈ ತೊಳೆದು ಬಟ್ಟೆ ಉಡಿಸಿದ ನರ್ಸು, ಜನ ನೋಡಲು ಬರುತ್ತಾರೆ, ಮೇಲಿನ ಹಲ್ಲುಸೆಟ್ಟಾದರೂ ಹಾಕಿದರೆ ಮುಖ ಸ್ವಲ್ಪ ತುಂಬಿಕೊಂಡೀತು, ಮನೆಯಲ್ಲಿದ್ದರೆ ತನ್ನಿ ಎಂದಳು. ಅಕ್ಕ ಅವನ ಕಡೆ ನೋಡಿದಳು.

"ಬೇಡ. ನೋಯುತ್ತೆ" ಎಂದ.

ಹಾಗೆಂದ ಮೇಲೆ ತಾನು ಆಡಿದ್ದೇನು ಎಂದು ಅವನಿಗೇ ಕೇಳಿಸಿತು. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು.

ಹತ್ತು ದಿನ ಬಿಟ್ಟು ಲ್ಯಾಬಿಗೆ ಹೋದಾಗ ಮೇಜಿನ ಮೇಲೆ ನಾಲ್ಕು ಕೆಳದವಡೆಯ ಅಚ್ಚುಗಳು ಕಾದಿದ್ದವು. ಅವನು ಮಾಲೀಕನ ಕೋಣೆಗೆ ಹೋಗಿ, ಇನ್ನು ಮೇಲೆ ಸೆಟ್ಟಿನ ಕೆಲಸ ಬೇಡ, ಒಂದೊಂದೇ ಹಲ್ಲಿಗೆ ತೊಡಿಸುವ ಕ್ಯಾಪು ಮಾಡುವ ಕೆಲಸ ಕೊಡಿ ಎಂದ. ಅದು ಹೊಸಬರ ಕೆಲಸ. ಮಾಲೀಕ ನಗಲಿಲ್ಲ, ಆಗಲಿ ಎಂದ.

ತೊಟ್ಟಿ ಇನ್ನು ಬೇಡ ಎಂದು ಅವನು ಹೇಳಿದ್ದಕ್ಕೆ ಮೀನಿನಂಗಡಿಯಾಕೆ ಮುಂದಿನ ಭಾನುವಾರ ಬಕೆಟ್ಟುಗಳನ್ನು ತಂದು ಮೀನು, ಹವಳ ಎಲ್ಲವನ್ನೂ ಒಯ್ದಳು. ತಾನೇ ತೊಟ್ಟಿಯ ಹಿಂಬದಿಯ ಜಾಗದೊಳಗೆ ಕೈ ಹಾಕಿ, ಅಮ್ಮ ಹಾಕಿದ್ದೆಲ್ಲ ಕೊಳೆತು ಪಂಪಿನ ಕೆಳಗೆ ಕೂತಿದ್ದ ಕರಿ ಕೆಸರನ್ನು ಬಾಚಿ ಬಾಚಿ ತೆಗೆದಳು. ಅವನು ಬಕೆಟ್ಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

"ಇದನ್ನ ನಾನು ನೋಡ್ಕೋತೀನಿ. ನೀವು ಆ ಕಡೆ ಹೋಗಿ" ಎಂದಳು.

ಅವನು ಹೋಗಲಿಲ್ಲ. ಕೊನೆಯ ಬಕೆಟ್ಟನ್ನು ಅವನೇ ಹೊತ್ತುಕೊಂಡು ಮೆಟ್ಟಿಲಿಳಿದು, ಅವಳ ಗಾಡಿಗೆ ಇಟ್ಟುಬಂದ.